ಎಚ್‌ಪಿವಿ ಪಾಸಿಟಿವ್ ಬಂದಿದೆ, ಪ್ಯಾಪ್ ಸರಿಯಾಗಿದೆ: ಮನೆಯಲ್ಲಿ ಏನೆಂದು ಹೇಳಲಿ?

ತುಂಗಾತೀರ:
ನನಗೆ 38 ವರ್ಷ, ಇಬ್ಬರು ಮಕ್ಕಳು, ಶಾಲೆಯಲ್ಲಿ ಶಿಕ್ಷಕಿ. ಮೈಯಲ್ಲಿ ಯಾವ ತೊಂದರೆಯೂ ಇರಲಿಲ್ಲ. ಸಹೋದ್ಯೋಗಿಗಳು ಐದು ಜನ ಸೇರಿ ಗರ್ಭಕಂಠದ ತಪಾಸಣೆ ಮಾಡಿಸಿಕೊಳ್ಳುತ್ತೇವೆ ಎಂದಾಗ ನಾನೂ ಜೊತೆಗೆ ಹೋದೆ. ಸಣ್ಣ ಬ್ರಷ್ಷಿನಲ್ಲಿ ಮಾದರಿ ತೆಗೆದುಕೊಂಡರು, ಎರಡು ನಿಮಿಷದ ಕೆಲಸ. ಒಂಬತ್ತು ದಿನಗಳ ನಂತರ ವರದಿ ಮೊಬೈಲ್‌ಗೆ ಬಂತು. ಉಳಿದ ನಾಲ್ವರದು ನೆಗೆಟಿವ್. ನನ್ನದರಲ್ಲಿ ಎಚ್‌ಪಿವಿ ಎಂಬ ವೈರಸ್ಸಿನ 16ನೇ ವಿಧ ಇಲ್ಲ, 18ನೇ ವಿಧ ಇಲ್ಲ, ಅಪಾಯಕಾರಿಯಾದ ಇತರ 12 ವಿಧಗಳ ಮುಂದೆ "ಪತ್ತೆಯಾಗಿದೆ" ಎಂದಿದೆ. ಪ್ಯಾಪ್ ಎಂಬ ಜೀವಕೋಶ ಪರೀಕ್ಷೆಯ ಕಾಲಮ್ಮಿನಲ್ಲಿ ಎನ್‌ಐಎಲ್‌ಎಂ ಎಂದು ಬರೆದಿದ್ದಾರೆ.

ಕೌಂಟರಿನಲ್ಲಿ ಕೇಳಿದೆ. "ಗಂಡ ಹೆಂಡಿರ ಸಂಪರ್ಕದಿಂದ ಬರುವ ವೈರಸ್, ಒಂದು ವರ್ಷ ಬಿಟ್ಟು ಬನ್ನಿ" ಎಂದು ಹೇಳಿ ಮುಂದಿನವರ ಹೆಸರು ಕೂಗಿದರು. ಹಿಂದೆ ಸಾಲಿನಲ್ಲಿ ನಿಂತವರೆಲ್ಲ ನನ್ನನ್ನೇ ನೋಡಿದ ಹಾಗಾಯಿತು.

ಮೂರು ರಾತ್ರಿಯಿಂದ ನಿದ್ರೆ ಇಲ್ಲ. ನನ್ನ ಬದುಕಿನಲ್ಲಿ ನಮ್ಮ ಯಜಮಾನರನ್ನು ಬಿಟ್ಟು ಇನ್ನೊಬ್ಬರಿಲ್ಲ. ಅವರನ್ನು ಒಂದು ದಿನವೂ ಸಂಶಯದಿಂದ ನೋಡಿದವಳಲ್ಲ. ಈಗ ಅವರು ಕೆಲಸದಿಂದ ತಡವಾಗಿ ಬಂದರೆ ಮನಸ್ಸು ಎಲ್ಲೆಲ್ಲಿಗೋ ಹೋಗುತ್ತದೆ. ಹೇಳಿದರೆ ಅವರು ನನ್ನನ್ನು ಸಂಶಯಿಸುತ್ತಾರೇನೋ ಎಂಬ ಭಯ ಬೇರೆ. ಬಾಯಲ್ಲಿ ಬಿಸಿ ತುಪ್ಪ ಇಟ್ಟುಕೊಂಡಂತಾಗಿದೆ. ಇದು ಕ್ಯಾನ್ಸರಿನ ಆರಂಭವೇ? ಒಂದು ವರ್ಷ ಸುಮ್ಮನೆ ಕಾಯುವುದು ಸರಿಯೇ? 11 ವರ್ಷದ ಮಗಳಿದ್ದಾಳೆ, ಅವಳಿಗೆ ಲಸಿಕೆ ಹಾಕಿಸಬೇಕೇ? ತಿಳಿದವರು ದಯವಿಟ್ಟು ಹೇಳಿ.

ಬೆಳ್ಳಿಚುಕ್ಕಿ:
ಅಕ್ಕ, ಮೊದಲು ಹೊಟ್ಟೆ ತುಂಬ ಊಟ ಮಾಡಿ ಮಲಗಿ. 2022ರಲ್ಲಿ ನನಗೂ ಅಕ್ಷರಶಃ ಇದೇ ವರದಿ ಬಂದಿತ್ತು. ಮರುವರ್ಷ ಮಾಡಿಸಿದಾಗ ವೈರಸ್ ಇರಲಿಲ್ಲ. ಯಾವ ಔಷಧಿಯನ್ನೂ ತೆಗೆದುಕೊಂಡಿರಲಿಲ್ಲ.

ಪ್ರಯೋಗಾಲಯದ ಕಿಟಕಿ:
ನಾನು ಇದೇ ಪರೀಕ್ಷೆ ಮಾಡುವ ಪ್ರಯೋಗಾಲಯದಲ್ಲಿ ಹನ್ನೊಂದು ವರ್ಷ ಕೆಲಸ ಮಾಡಿದವಳು. ನಿಮ್ಮ ವರದಿಯನ್ನು ಬಿಡಿಸಿ ಹೇಳುತ್ತೇನೆ.

ಹ್ಯೂಮನ್ ಪ್ಯಾಪಿಲೋಮಾ ವೈರಸ್ಸಿನಲ್ಲಿ 200ಕ್ಕೂ ಹೆಚ್ಚು ವಿಧಗಳಿವೆ. ಕೈಕಾಲಿನ ನರೂಲಿ ತರುವವೂ ಇದೇ ಕುಟುಂಬದವು. ಗರ್ಭಕಂಠದ ಕ್ಯಾನ್ಸರಿನ ದೃಷ್ಟಿಯಿಂದ ಪ್ರಯೋಗಾಲಯ ಹುಡುಕುವುದು ಸುಮಾರು 14 ವಿಧಗಳನ್ನು. ಅವುಗಳಲ್ಲಿ 16 ಮತ್ತು 18 ಬಹಳ ಕೆಟ್ಟವು. ಜಗತ್ತಿನ ಗರ್ಭಕಂಠದ ಕ್ಯಾನ್ಸರ್ ಪ್ರಕರಣಗಳಲ್ಲಿ ಸುಮಾರು ಶೇ 70ಕ್ಕೆ ಈ ಎರಡೇ ಕಾರಣ. ಅದಕ್ಕಾಗಿಯೇ ಅವನ್ನು ಬೇರೆಯಾಗಿ ತೋರಿಸುತ್ತಾರೆ. ಉಳಿದ 12ನ್ನು ಒಂದೇ ಬುಟ್ಟಿಗೆ ಹಾಕಿರುತ್ತಾರೆ. ನಿಮ್ಮದು ಆ ಬುಟ್ಟಿಯದು. ಎನ್‌ಐಎಲ್‌ಎಂ ಎಂದರೆ ಸೂಕ್ಷ್ಮದರ್ಶಕದಲ್ಲಿ ನೋಡಿದ ಜೀವಕೋಶಗಳಲ್ಲಿ ಕ್ಯಾನ್ಸರ್ ಆಗಲಿ, ಕ್ಯಾನ್ಸರಿಗೆ ಮುಂಚಿನ ಬದಲಾವಣೆಯಾಗಲಿ ಕಂಡಿಲ್ಲ ಎಂದರ್ಥ.

ಅಂದರೆ ವೈರಸ್ ಇದೆ, ಹಾನಿ ಕಂಡಿಲ್ಲ. ಹತ್ತರಲ್ಲಿ ಒಂಬತ್ತು ಸೋಂಕುಗಳನ್ನು ದೇಹ ತಾನಾಗಿಯೇ ಎರಡು ವರ್ಷಗಳೊಳಗೆ ಹೊರಹಾಕುತ್ತದೆ ಅಥವಾ ಪತ್ತೆಯಾಗದಷ್ಟು ಅಡಗಿಸುತ್ತದೆ. ಹೋಗದೆ ಉಳಿದುಕೊಳ್ಳುವ ಸೋಂಕಿನಿಂದ ಕ್ಯಾನ್ಸರ್ ಬೆಳೆಯುವುದಕ್ಕೂ ಸಾಮಾನ್ಯವಾಗಿ 15ರಿಂದ 20 ವರ್ಷ ಹಿಡಿಯುತ್ತದೆ. ಅದಕ್ಕೇ ನಿಮ್ಮಂಥವರಿಗೆ ಒಂದು ವರ್ಷದ ನಂತರ ಮರುಪರೀಕ್ಷೆ. 16 ಅಥವಾ 18 ಬಂದಿದ್ದರೆ ಕಾಯಿಸುತ್ತಿರಲಿಲ್ಲ, ನೇರವಾಗಿ ಕಾಲ್ಪೋಸ್ಕೋಪಿಗೆ, ಅಂದರೆ ಗರ್ಭಕಂಠವನ್ನು ದೊಡ್ಡದಾಗಿಸಿ ಹತ್ತಿರದಿಂದ ನೋಡುವ ಪರೀಕ್ಷೆಗೆ ಕಳುಹಿಸುತ್ತಿದ್ದರು. ಕೌಂಟರಿನವರು ಹೇಳಿದ ಅವಧಿ ಸರಿ, ಹೇಳಿದ ರೀತಿ ತಪ್ಪು. ಅದನ್ನು ಒಬ್ಬ ವೈದ್ಯರು ಕೂರಿಸಿಕೊಂಡು ಹೇಳಬೇಕಿತ್ತು.

ನೇರಮಾತು:
ನೋವಾದರೆ ಕ್ಷಮಿಸಿ, ಆದರೆ ಒಂದು ಮಾತು ಕೇಳಲೇಬೇಕು. ಲೈಂಗಿಕ ಸಂಪರ್ಕದಿಂದ ಬರುವ ಸೋಂಕು ಎಂದ ಮೇಲೆ ಇಬ್ಬರಲ್ಲಿ ಯಾರೋ ಒಬ್ಬರು ದಾರಿ ತಪ್ಪಿರಲೇಬೇಕಲ್ಲವೇ? ಸಮಾಧಾನ ಹೇಳುವ ನೆಪದಲ್ಲಿ ಸತ್ಯವನ್ನು ಮುಚ್ಚಿಡುವುದು ಸರಿಯಲ್ಲ.

ವಾರ್ಡ್ ನಂಬರ್ ಆರು:
ನೇರಮಾತು ಅವರೇ, ಇದೇ ಮಾತಿಗೆ ಹೆದರಿ ಎಷ್ಟು ಹೆಣ್ಣುಮಕ್ಕಳು ವರದಿಯನ್ನು ಸೀರೆಯ ಮಡಿಕೆಯಲ್ಲಿ ಬಚ್ಚಿಟ್ಟು ಎರಡನೆಯ ಸಲ ಬರುವುದೇ ಇಲ್ಲ ಎಂಬುದು ನಿಮಗೆ ಗೊತ್ತಿದೆಯೇ? ನಾನು ಸ್ತ್ರೀರೋಗ ವಿಭಾಗದ ಶುಶ್ರೂಷಕಿ. ಕೇಳಿಸಿಕೊಳ್ಳಿ.

ಪಾಸಿಟಿವ್ ವರದಿ ವೈರಸ್ ಇವತ್ತು ಇದೆ ಎಂದಷ್ಟೇ ಹೇಳುತ್ತದೆ. ಯಾವಾಗ ಬಂತು, ಯಾರಿಂದ ಬಂತು ಎಂದು ಹೇಳುವ ಪರೀಕ್ಷೆ ಭೂಮಿಯ ಮೇಲೆ ಇಲ್ಲ. ಹತ್ತು ಹದಿನೈದು ವರ್ಷ ಪತ್ತೆಯಾಗದೆ ಮಲಗಿದ್ದ ಸೋಂಕು ವಯಸ್ಸಾದಂತೆ ಅಥವಾ ದೇಹದ ಶಕ್ತಿ ಕುಗ್ಗಿದಾಗ ಮತ್ತೆ ಕಾಣಿಸಿಕೊಳ್ಳಬಹುದು. ಮದುವೆಗೆ ಮುಂಚಿನ ಯಾವುದೋ ಒಂದು ಸಂಬಂಧದಿಂದ, ಇಬ್ಬರಲ್ಲಿ ಯಾರಿಗಾದರೂ, ಲಕ್ಷಣವೇ ಇಲ್ಲದೆ ಬಂದಿರಬಹುದು. ಚರ್ಮದಿಂದ ಚರ್ಮಕ್ಕೆ ತಾಗಿ ಹರಡುವುದರಿಂದ ಕಾಂಡೋಮ್ ಕೂಡ ಪೂರ್ತಿ ತಡೆಯುವುದಿಲ್ಲ. ಲೈಂಗಿಕ ಜೀವನ ನಡೆಸುವ ಬಹುಪಾಲು ಜನರಿಗೆ, ಗಂಡಸರಿಗೂ ಹೆಂಗಸರಿಗೂ, ಜೀವನದಲ್ಲಿ ಒಮ್ಮೆಯಾದರೂ ಇದು ಬಂದು ಹೋಗುತ್ತದೆ. ನಿಮಗೂ ಬಂದು ಹೋಗಿರಬಹುದು. ಈ ಕಾಗದ ಯಾರ ನಡತೆಯ ಪ್ರಮಾಣಪತ್ರವೂ ಅಲ್ಲ.

ತಂಗಿ ತುಂಗಾತೀರ, ನಿಮ್ಮ ಯಜಮಾನರಿಗೆ ಹೇಳಿ. ಆದರೆ "ನನಗೆ ಎಚ್‌ಪಿವಿ ಬಂದಿದೆ" ಎಂದು ಅರ್ಧಕ್ಕೆ ನಿಲ್ಲಿಸಬೇಡಿ. "ತಪಾಸಣೆಯಲ್ಲಿ ಒಂದು ವೈರಸ್ ಸಿಕ್ಕಿದೆ, ಜೀವಕೋಶಗಳು ಸರಿಯಾಗಿವೆ, ಮುಂದಿನ ವರ್ಷ ಮತ್ತೆ ನೋಡಬೇಕು, ನೀವೂ ಜೊತೆಗೆ ಬನ್ನಿ" ಎಂದು ಒಂದೇ ಉಸಿರಿನಲ್ಲಿ ಪೂರ್ತಿ ಹೇಳಿ.

ಪ್ರಯೋಗಾಲಯದ ಕಿಟಕಿ:
ನೇರಮಾತು ಅವರ ಪ್ರಶ್ನೆಗೆ ಅಂಕಿಯಲ್ಲೂ ಉತ್ತರವಿದೆ. ನಮ್ಮ ಬೀದರ್, ಕಲಬುರಗಿಗಳಿಗೆ ಅಂಟಿಕೊಂಡಂತಿರುವ ಮರಾಠವಾಡದ ಉಸ್ಮಾನಾಬಾದ್ ಜಿಲ್ಲೆ, ಈಗಿನ ಧಾರಾಶಿವ. ಅಲ್ಲಿ 30ರಿಂದ 59 ವರ್ಷದ 1,31,746 ಹಳ್ಳಿಯ ಮಹಿಳೆಯರನ್ನು ನಾಲ್ಕು ಗುಂಪು ಮಾಡಿ ಎಂಟು ವರ್ಷ ಹಿಂಬಾಲಿಸಿದ ಅಧ್ಯಯನ 2009ರಲ್ಲಿ ಪ್ರಕಟವಾಯಿತು. ಎಚ್‌ಪಿವಿ ಪರೀಕ್ಷೆ ಮಾಡಿಸಿಕೊಂಡವರಲ್ಲಿ ಸುಮಾರು ಶೇ 10 ಮಂದಿ ಪಾಸಿಟಿವ್. ಜೋಳದ ಹೊಲದಲ್ಲಿ ಕಳೆ ತೆಗೆಯುವ, ಮನೆ ಬಿಟ್ಟರೆ ಸಂತೆ ನೋಡಿದ ಹೆಣ್ಣುಮಕ್ಕಳು. ಹತ್ತರಲ್ಲಿ ಒಬ್ಬರು ದಾರಿ ತಪ್ಪಿದರು ಎನ್ನುತ್ತೀರಾ?

ಇನ್ನೂ ದೊಡ್ಡ ಸಂಗತಿ ಮುಂದಿದೆ. ಒಂದೇ ಒಂದು ಸಲ ಎಚ್‌ಪಿವಿ ಪರೀಕ್ಷೆಯ ಅವಕಾಶ ಸಿಕ್ಕ 34,126 ಜನರ ಗುಂಪಿನಲ್ಲಿ ಗರ್ಭಕಂಠದ ಕ್ಯಾನ್ಸರಿನಿಂದ 34 ಸಾವು. ತಪಾಸಣೆಯೇ ಇಲ್ಲದ 31,488 ಜನರ ಗುಂಪಿನಲ್ಲಿ 64 ಸಾವು. ಜೀವನದಲ್ಲಿ ಒಂದು ಸಲದ ಪರೀಕ್ಷೆ ಸಾವನ್ನು ಹತ್ತಿರ ಹತ್ತಿರ ಅರ್ಧಕ್ಕೆ ಇಳಿಸಿತು.

ನೇರಮಾತು:
ಹತ್ತರಲ್ಲಿ ಒಬ್ಬರು ಎಂಬುದು ನನಗೆ ತಿಳಿದಿರಲಿಲ್ಲ. ಮೊದಲ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ, ತುಂಗಾತೀರ ಮೇಡಂ. ಆದರೆ ಒಂದು ಪ್ರಶ್ನೆ ಉಳಿದಿದೆ. ತಪಾಸಣೆ ಕೊಡದೆ ಬಿಟ್ಟ ಆ 31 ಸಾವಿರ ಹೆಂಗಸರ ಗತಿ ಏನು? ಸಾಯುವುದನ್ನು ಎಣಿಸುತ್ತ ಕೂತಿದ್ದರೇ?

ಪ್ರಯೋಗಾಲಯದ ಕಿಟಕಿ:
ಇದು ನ್ಯಾಯವಾದ ಪ್ರಶ್ನೆ. ಆ ಅಧ್ಯಯನವನ್ನು ಇದೇ ಕಾರಣಕ್ಕೆ ಕಟುವಾಗಿ ಟೀಕಿಸಿದವರಿದ್ದಾರೆ. ಆಗ ಆ ಜಿಲ್ಲೆಯಲ್ಲಿ ತಪಾಸಣೆಯ ವ್ಯವಸ್ಥೆಯೇ ಇರಲಿಲ್ಲ, ಇದ್ದದ್ದನ್ನು ಯಾರಿಂದಲೂ ಕಿತ್ತುಕೊಳ್ಳಲಿಲ್ಲ ಎಂಬುದು ಒಂದು ವಾದ. ನನಗೆ ಅದು ಪೂರ್ತಿ ಒಪ್ಪಿಗೆಯಾಗುವುದಿಲ್ಲ. ಆದರೆ ಆ 64 ಜೀವಗಳ ಬೆಲೆಯಲ್ಲಿ ತಿಳಿದ ಸಂಗತಿಯನ್ನು ನಾವು ಇಷ್ಟು ವರ್ಷಗಳ ನಂತರವೂ ಬಳಸದಿರುವುದು ಅದಕ್ಕಿಂತ ದೊಡ್ಡ ಅನ್ಯಾಯ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ 30ರಿಂದ 49 ವರ್ಷದ ಮಹಿಳೆಯರಲ್ಲಿ ಒಮ್ಮೆಯಾದರೂ ಗರ್ಭಕಂಠದ ತಪಾಸಣೆ ಆದವರು ಶೇ 2ರಷ್ಟೂ ಇಲ್ಲ.

ಬಿಸಿಲುನಾಡಿನ ಮಗ:
ಆ ಶೇ 98ರಲ್ಲಿ ನನ್ನ ಅವ್ವ ಒಬ್ಬಳು. ಬಿಳಿಸೆರಗು ಎಂದು ಊರಿನ ಖಾಸಗಿ ಕ್ಲಿನಿಕ್ಕಿಗೆ ಹದಿನಾಲ್ಕು ತಿಂಗಳು ಅಲೆದಳು. ಪ್ರತಿ ಸಲವೂ ಗುಳಿಗೆ, ಪ್ರತಿ ಸಲವೂ ಟಾನಿಕ್. ಒಬ್ಬರೂ ಒಳಗೆ ಪರೀಕ್ಷಿಸಿ ನೋಡಲಿಲ್ಲ. ವಾಸನೆ ಬರುತ್ತದೆ ಎಂದು ಅವ್ವ ಕಡೆಗೆ ದೇವರ ಕೋಣೆಗೆ ಹೋಗುವುದನ್ನೇ ಬಿಟ್ಟಳು, ಮೊಮ್ಮಗನನ್ನು ಎತ್ತಿಕೊಳ್ಳುವುದನ್ನೂ ಬಿಟ್ಟಳು. ನಮಗೆ ಕಾರಣ ಹೇಳಲಿಲ್ಲ. ಬೆಂಗಳೂರಿಗೆ ಕರೆದುಕೊಂಡು ಹೋಗುವಷ್ಟರಲ್ಲಿ ಮೂರನೆಯ ಹಂತ. ವಿಕಿರಣ ಚಿಕಿತ್ಸೆಗೆ ಎಂದು ಏಳು ವಾರ ಆಸ್ಪತ್ರೆಯ ಪಕ್ಕದ ಛತ್ರದಲ್ಲಿ ಇದ್ದೆವು. ಆ ಛತ್ರದ ಒಲೆಯ ಮುಂದೆ ನಮ್ಮ ಭಾಗದ ಎಷ್ಟು ಹೆಂಗಸರನ್ನು ನೋಡಿದೆ ಎಂದರೆ, ರೊಟ್ಟಿ ಬಡಿಯುವ ಸದ್ದು ಕೇಳಿದರೆ ನಮ್ಮೂರಿನಲ್ಲೇ ಇದ್ದೇವೆ ಎನಿಸುತ್ತಿತ್ತು.

ಅವ್ವ ಒಂದೂವರೆ ವರ್ಷ ಬದುಕಿದಳು. ತುಂಗಾತೀರ ಅಕ್ಕ, ನಿಮ್ಮ ವರದಿ ಓದಿ ನನಗೆ ಭಯವಾಗಲಿಲ್ಲ, ಹೊಟ್ಟೆ ಉರಿಯಿತು. ನನ್ನ ಅವ್ವನಿಗೆ ಅವಳ 38ನೇ ವಯಸ್ಸಿನಲ್ಲಿ ಇಂಥ ಒಂದು ಕಾಗದ ಸಿಕ್ಕಿದ್ದರೆ!

ಆಶಾ ಡೈರಿ:
ಅಣ್ಣ, ಓದಿ ಕಣ್ಣು ತುಂಬಿತು.

ನಾನು ಹಳ್ಳಿಯಲ್ಲಿ ಆಶಾ ಕಾರ್ಯಕರ್ತೆ. 30 ದಾಟಿದವರ ಮನೆಗೆ ಹೋಗಿ ಸಿಬ್ಯಾಕ್ ಅರ್ಜಿ, ಅಂದರೆ ಯಾರಿಗೆ ಯಾವ ಕಾಯಿಲೆಯ ಅಪಾಯವಿದೆ ಎಂದು ಕೇಳಿ ಬರೆದುಕೊಳ್ಳುವ ಪಟ್ಟಿ ತುಂಬಿಸುತ್ತೇವೆ. ಬಿಪಿ, ಶುಗರ್ ಎಂದರೆ ಕೈ ಚಾಚುತ್ತಾರೆ. "ಗರ್ಭಕೋಶದ ಬಾಯಿ ನೋಡುತ್ತಾರೆ, ಬನ್ನಿ" ಎಂದರೆ ಒಬ್ಬರಿಗೆ ಮುಟ್ಟು, ಒಬ್ಬರಿಗೆ ವ್ರತ, ಒಬ್ಬರಿಗೆ ಅಡಿಕೆ ಸುಲಿಯುವ ಕೆಲಸ. ದೂರುವುದಿಲ್ಲ. ಶಿಬಿರದ ಕೋಣೆಯ ಬಾಗಿಲಿಗೆ ಚಿಲಕ ಇರುವುದಿಲ್ಲ, ಕಿಟಕಿಗೆ ಪರದೆ ಇರುವುದಿಲ್ಲ. ಹೋದ ವರ್ಷ ನನ್ನ ಹಳೆಯ ಎರಡು ಸೀರೆಗಳನ್ನು ತಂದು ಕಿಟಕಿಗೆ ಕಟ್ಟಿದೆ. ಅವತ್ತು ಹತ್ತೊಂಬತ್ತು ಜನ ಪರೀಕ್ಷೆ ಮಾಡಿಸಿಕೊಂಡರು. ಅದಕ್ಕೆ ಮುಂಚಿನ ಶಿಬಿರದಲ್ಲಿ ನಾಲ್ವರು.

ಹೊಸದಾರಿ:
ಆದರೆ ಶಿಬಿರಗಳಲ್ಲಿ ಮಾಡುವುದು ಎಚ್‌ಪಿವಿ ಪರೀಕ್ಷೆ ಅಲ್ಲವಲ್ಲ? ವಿನಿಗರ್ ಹಚ್ಚಿ ನೋಡುವ ಪರೀಕ್ಷೆ. ಅದರಿಂದ ಪ್ರಯೋಜನ ಇಲ್ಲ ಎಂದು ಓದಿದ ನೆನಪು.

ವಾರ್ಡ್ ನಂಬರ್ ಆರು:
ಪ್ರಯೋಜನ ಇಲ್ಲ ಎನ್ನಬೇಡಿ. ಸರ್ಕಾರದ ಕಾರ್ಯಕ್ರಮದಲ್ಲಿ 30ರಿಂದ 65 ವರ್ಷದವರಿಗೆ ಐದು ವರ್ಷಕ್ಕೊಮ್ಮೆ ವಿಐಎ ಎಂಬ ಈ ವಿನಿಗರ್ ಪರೀಕ್ಷೆ ಮಾಡಬೇಕೆಂದಿದೆ. ಶೇ 3ರಿಂದ 5ರ ಅಸಿಟಿಕ್ ಆಮ್ಲವನ್ನು ಗರ್ಭಕಂಠಕ್ಕೆ ಹಚ್ಚಿ ಒಂದು ನಿಮಿಷ ಬಿಟ್ಟರೆ ಕೆಟ್ಟ ಜಾಗ ಬೆಳ್ಳಗಾಗುತ್ತದೆ. ವಿದ್ಯುತ್ ಇಲ್ಲದಿದ್ದರೂ ಟಾರ್ಚ್ ಹಿಡಿದು ಮಾಡಬಹುದು, ಫಲಿತಾಂಶ ಅಲ್ಲೇ ಸಿಗುತ್ತದೆ. ಮುಂಬೈಯ ಕೊಳೆಗೇರಿಗಳಲ್ಲಿ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಇದನ್ನು ಮಾಡಿದ ಅಧ್ಯಯನದಲ್ಲಿ ಸಾವು ಶೇ 31ರಷ್ಟು ಇಳಿದಿದೆ.

ಪ್ರಯೋಗಾಲಯದ ಕಿಟಕಿ:
ಅಕ್ಕ, ಇನ್ನೊಂದು ಮಗ್ಗುಲನ್ನೂ ಹೇಳಬೇಕು. ಉಸ್ಮಾನಾಬಾದಿನಲ್ಲಿ ಒಂದೇ ಸಲ ಮಾಡಿದ ವಿಐಎಯಿಂದ ಸಾವು ಗಮನಾರ್ಹವಾಗಿ ಇಳಿಯಲಿಲ್ಲ. ನೋಡುವ ಕಣ್ಣಿನ ಮೇಲೆ ಅದು ನಿಂತಿದೆ. ಒಬ್ಬರಿಗೆ ಬೆಳ್ಳಗೆ ಕಂಡದ್ದು ಇನ್ನೊಬ್ಬರಿಗೆ ಕಾಣುವುದಿಲ್ಲ. ಮುಟ್ಟು ನಿಂತವರಲ್ಲಿ ನೋಡಬೇಕಾದ ಜಾಗವೇ ಒಳಕ್ಕೆ ಸರಿದಿರುತ್ತದೆ. ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಮೊದಲ ಪರೀಕ್ಷೆ ಎಚ್‌ಪಿವಿ ಡಿಎನ್‌ಎ ಆಗಿರಲಿ, 30ರಿಂದ ಆರಂಭಿಸಿ 5ರಿಂದ 10 ವರ್ಷಕ್ಕೊಮ್ಮೆ ಸಾಕು ಎಂದಿತು. ವಿಐಎ ಇರುವ ಕಡೆ ಅದನ್ನು ಬಿಡಬೇಡಿ. ಆದರೆ ಅದರಲ್ಲೇ ತೃಪ್ತಿಪಟ್ಟು ಕೂರಬಾರದು ಎಂಬುದೇ ನನ್ನ ಜಗಳ.

ವಾರ್ಡ್ ನಂಬರ್ ಆರು:
ಜಗಳ ಒಪ್ಪಿದೆ. ಆದರೆ ಆಶಾ ತಂಗಿಯ ಊರಿಗೆ ನಿಮ್ಮ ಯಂತ್ರ ಬರುವವರೆಗೆ ನನ್ನ ವಿನಿಗರ್ ಇರಲಿ.

ಪದಸಂಚಿ:
ಆಶಾ ಡೈರಿ ಅವರು "ಗರ್ಭಕೋಶದ ಬಾಯಿ" ಎಂದು ಬರೆದದ್ದು ನೋಡಿ ಸಂತೋಷವಾಯಿತು. ಪತ್ರಿಕೆಗಳು ಗರ್ಭಕಂಠ ಎನ್ನುತ್ತವೆ, ಕೆಲವರು ಗರ್ಭಕೊರಳು ಎನ್ನುತ್ತಾರೆ. ನನ್ನ ಅತ್ತಿಗೆಗೆ "ಕಂಠ" ಎಂಬುದು ಗಂಟಲಿಗೆ ಸಂಬಂಧಿಸಿದ್ದು ಎಂದೇ ಅನಿಸಿತ್ತಂತೆ. ಹಳ್ಳಿಯಲ್ಲಿ ಕರಪತ್ರ ಹಂಚುವವರು ಬಾಯಿ ಎಂದೇ ಬರೆಯಲಿ.

ಹೊಸದಾರಿ:
ಹೆರಿಗೆ ಮಾಡಿಸುತ್ತಿದ್ದ ನಮ್ಮ ಅಜ್ಜಿಯೂ "ಬಾಯಿ ಬಿಟ್ಟಿದೆ" ಎಂದೇ ಹೇಳುತ್ತಿದ್ದರು. ಅದೇ ಸರಿಯಾದ ಪದ.

ಮೆಲ್ಬರ್ನ್ ಕನ್ನಡತಿ:
ಇಲ್ಲಿ ಆಸ್ಟ್ರೇಲಿಯಾದಲ್ಲಿ 2017ರ ಡಿಸೆಂಬರಿನಿಂದ ಎರಡು ವರ್ಷಕ್ಕೊಮ್ಮೆ ಮಾಡುತ್ತಿದ್ದ ಪ್ಯಾಪ್ ಬಿಟ್ಟು ಐದು ವರ್ಷಕ್ಕೊಮ್ಮೆ ಎಚ್‌ಪಿವಿ ಪರೀಕ್ಷೆ ಮಾಡುತ್ತಾರೆ, 25ರಿಂದ 74 ವರ್ಷದವರಿಗೆ. 2022ರ ಜುಲೈನಿಂದ ನಾವೇ ಮಾದರಿ ತೆಗೆದುಕೊಳ್ಳುವ ಆಯ್ಕೆ ಎಲ್ಲರಿಗೂ ಇದೆ. ಉದ್ದನೆಯ ಹತ್ತಿಕಡ್ಡಿ ಕೊಡುತ್ತಾರೆ. ಪರದೆಯ ಹಿಂದೆ ಹೋಗಿ, ಒಳಗೆ ಸ್ವಲ್ಪ ದೂರ ಇಟ್ಟು, ತಿರುಗಿಸಿ, ಕೊಳವೆಗೆ ಹಾಕಿದರೆ ಮುಗಿಯಿತು. ಗರ್ಭಕಂಠವನ್ನೇ ಮುಟ್ಟಬೇಕೆಂದಿಲ್ಲ. ಭಾರತದಿಂದ ಬಂದಿದ್ದ ನಮ್ಮ ಅಮ್ಮ ಅದನ್ನು ಕೈಯಲ್ಲಿ ಹಿಡಿದು ನೋಡಿ, "ಇಷ್ಟೇ ಆಗಿದ್ದರೆ ನಮ್ಮ ಬೀದಿಯವರೆಲ್ಲ ಮಾಡಿಸಿಕೊಳ್ಳುತ್ತಿದ್ದರು" ಎಂದರು.

ಆಶಾ ಡೈರಿ:
ಮೇಡಂ, ಅಂಥದ್ದು ನಮಗೆ ಬಂದರೆ ಮನೆಮನೆಗೆ ಹೊತ್ತು ತರುತ್ತೇನೆ. ಸೀರೆ ಕಟ್ಟುವ ಕೆಲಸವೂ ಇರುವುದಿಲ್ಲ.

ಬೇರುನಾರು:
ತುಂಗಾತೀರ ಅವರೇ, ಗಾಬರಿ ಬೇಡ. ನಮ್ಮ ಪರಿಚಯದ ಪಂಡಿತರ ಕಷಾಯವನ್ನು ಆರು ತಿಂಗಳು ಕುಡಿದು ಮೂವರು ಪಾಸಿಟಿವ್‌ನಿಂದ ನೆಗೆಟಿವ್ ಆಗಿದ್ದಾರೆ.

ಬೆಳ್ಳಿಚುಕ್ಕಿ:
ನಾನು ಕಷಾಯ ಕುಡಿಯದೆ ಆಗಿದ್ದೇನೆ. ತಾನಾಗಿ ಹೋಗುವ ಸೋಂಕಿಗೆ ಏನು ಕುಡಿಸಿದರೂ ಅದರಿಂದಲೇ ಹೋಯಿತು ಎನ್ನಬಹುದು.

ವಾರ್ಡ್ ನಂಬರ್ ಆರು:
ಬೇರುನಾರು ಅವರೇ, ಕಷಾಯ ಕುಡಿಯಲಿ ಬಿಡಲಿ, ಮರುಪರೀಕ್ಷೆ ತಪ್ಪಿಸುವ ಸಲಹೆ ಮಾತ್ರ ಕೊಡಬೇಡಿ. ಈ ವೈರಸ್ಸನ್ನು ಕೊಲ್ಲುವ ಗುಳಿಗೆ ಅಲೋಪತಿಯಲ್ಲೂ ಇಲ್ಲ. ಚಿಕಿತ್ಸೆ ಇರುವುದು ಅದು ಮಾಡಿದ ಹಾನಿಗೆ. ಗಾಯ ಸಣ್ಣದಿದ್ದಾಗ ಕಾಯಿಸಿದ ಸಣ್ಣ ಸಲಾಕೆಯಿಂದ ಅರ್ಧ ನಿಮಿಷ ಸುಡುವುದು, ದೊಡ್ಡದಿದ್ದರೆ ವಿದ್ಯುತ್ ತಂತಿಯ ಕುಣಿಕೆಯಿಂದ ಆ ಭಾಗವನ್ನಷ್ಟೇ ಕತ್ತರಿಸುವುದು. ಅಷ್ಟಕ್ಕೆ ಮುಗಿಯುತ್ತದೆ, ಗರ್ಭಕೋಶ ಉಳಿಯುತ್ತದೆ.

ತವರುಮನೆ:
ಗರ್ಭಕೋಶ ಉಳಿಯುತ್ತದೆ ಎಂದಿರಲ್ಲ, ನನ್ನ ಅಕ್ಕನದು ಉಳಿಯಲಿಲ್ಲ. 29 ವರ್ಷ. ಬಿಳಿಸೆರಗು, ಸೊಂಟನೋವು ಎಂದು ಹೋದರೆ ಒಂದು ನರ್ಸಿಂಗ್ ಹೋಮಿನಲ್ಲಿ "ಬಿಟ್ಟರೆ ಕ್ಯಾನ್ಸರ್ ಆಗುತ್ತದೆ" ಎಂದು ಹೆದರಿಸಿ ತೆಗೆದೇಬಿಟ್ಟರು. ಪ್ಯಾಪ್ ಇಲ್ಲ, ಎಚ್‌ಪಿವಿ ಇಲ್ಲ, ಚೂರು ತೆಗೆದು ಪರೀಕ್ಷೆಗೂ ಕಳುಹಿಸಲಿಲ್ಲ. ಬಂಗಾರದ ಬಳೆ ಮಾರಿ ಬಿಲ್ ಕಟ್ಟಿದೆವು. ದಯವಿಟ್ಟು ಯಾರೂ ವರದಿಯ ಭಯಕ್ಕೆ ಗರ್ಭಕೋಶ ತೆಗೆಸಲು ಒಪ್ಪಬೇಡಿ. ಎಚ್‌ಪಿವಿ ಪಾಸಿಟಿವ್ ಎಂಬ ಒಂದೇ ಕಾರಣಕ್ಕೆ ಶಸ್ತ್ರಚಿಕಿತ್ಸೆ ಎಂದರೆ ಎದ್ದು ಬನ್ನಿ, ಇನ್ನೊಬ್ಬ ವೈದ್ಯರನ್ನು ನೋಡಿ.

ಜೊತೆಗಾತಿ:
ಇಲ್ಲಿ ಯಾರೂ ಹೇಳದ ಒಂದು ಮಾತು. ನಾನು ಎಚ್‌ಐವಿ ಇರುವವಳು, ಎಆರ್‌ಟಿ ಗುಳಿಗೆ ತೆಗೆದುಕೊಂಡು ಹದಿಮೂರು ವರ್ಷವಾಯಿತು. ನಮ್ಮಂಥವರಿಗೆ ಈ ಕ್ಯಾನ್ಸರಿನ ಅಪಾಯ ಆರು ಪಟ್ಟು ಹೆಚ್ಚು, ಬೆಳೆಯುವುದೂ ಬೇಗ. 30ರವರೆಗೆ ಕಾಯದೆ 25ರಿಂದಲೇ, 3ರಿಂದ 5 ವರ್ಷಕ್ಕೊಮ್ಮೆ ಪರೀಕ್ಷೆ ಬೇಕು. ಗುಳಿಗೆ ತರಲು ತಿಂಗಳು ತಿಂಗಳು ಹೋಗುತ್ತೇವೆ. ಅಲ್ಲೇ ಈ ಪರೀಕ್ಷೆಗೂ ಒಂದು ಚೀಟಿ ಬರೆದುಕೊಡಿ ಎಂದು ನಾವೇ ಕೇಳಬೇಕು.

ಹೊಸದಾರಿ:
ನನಗೆ 24. ನಾನೂ ಈಗಲೇ ಮಾಡಿಸಲೇ?

ಪ್ರಯೋಗಾಲಯದ ಕಿಟಕಿ:
ಎಚ್‌ಐವಿಯಂಥ ಕಾರಣವಿಲ್ಲದಿದ್ದರೆ ಬೇಡ. ಇಪ್ಪತ್ತರ ಹರೆಯದಲ್ಲಿ ಈ ಸೋಂಕು ಬಂದು ಹೋಗುವುದು ಬಹಳ ಸಾಮಾನ್ಯ. ಆಗ ಹುಡುಕಿದರೆ ಹೆದರಿಕೆ ಸಿಗುತ್ತದೆ, ಉಪಯೋಗ ಕಡಿಮೆ. ಲಸಿಕೆಯ ಬಗ್ಗೆ ನಿಮ್ಮ ವೈದ್ಯರನ್ನು ಕೇಳಿ.

ನೇರಮಾತು:
ಲಸಿಕೆಯ ಮಾತು ಬಂದಿದ್ದಕ್ಕೆ ಹೇಳುತ್ತೇನೆ. ಆಗಿನ ಆಂಧ್ರದ ಖಮ್ಮಂನಲ್ಲೂ ಗುಜರಾತಿನ ವಡೋದರದಲ್ಲೂ ಇದೇ ಲಸಿಕೆಯ ಯೋಜನೆಯನ್ನು 2010ರ ಏಪ್ರಿಲಿನಲ್ಲಿ ನಿಲ್ಲಿಸಿದರು. ಏಳು ಹುಡುಗಿಯರು ಸತ್ತಿದ್ದರು. ಅದನ್ನು ಮರೆತು 11 ವರ್ಷದ ಮಗುವಿಗೆ ಹಾಕಿಸಿ ಎನ್ನುವುದೇ?

ವಾರ್ಡ್ ನಂಬರ್ ಆರು:
ಮರೆಯಬಾರದು, ಆದರೆ ಪೂರ್ತಿ ನೆನಪಿಟ್ಟುಕೊಳ್ಳಬೇಕು. ತನಿಖೆ ನಡೆಯಿತು. ನೀರಿನಲ್ಲಿ ಮುಳುಗಿದ್ದು, ಹಾವು ಕಚ್ಚಿದ್ದು, ಕೀಟನಾಶಕ ಕುಡಿದದ್ದು ಹೀಗೆ ಕಾರಣಗಳಿದ್ದವು. ಸಾವಿಗೂ ಲಸಿಕೆಗೂ ಸಂಬಂಧ ಕಾಣಲಿಲ್ಲ. ನಿಜವಾದ ತಪ್ಪು ಬೇರೆಡೆ ಇತ್ತು. ತಂದೆತಾಯಿಯರ ಒಪ್ಪಿಗೆಯನ್ನು ಸರಿಯಾಗಿ ಪಡೆದಿರಲಿಲ್ಲ, ಹಾಸ್ಟೆಲ್ ವಾರ್ಡನ್ನುಗಳಿಂದ ಸಹಿ ಹಾಕಿಸಿದ್ದರು. ಬಡ ಮತ್ತು ಬುಡಕಟ್ಟಿನ ಹೆಣ್ಣುಮಕ್ಕಳ ವಿಷಯದಲ್ಲಿ ಹಾಗೆ ನಡೆದುಕೊಂಡದ್ದು ಅಕ್ಷಮ್ಯ. 2013ರಲ್ಲಿ ಸಂಸದೀಯ ಸಮಿತಿ ಅದನ್ನು ಖಂಡಿಸಿತು. ಅದರ ಪಾಠ ಒಪ್ಪಿಗೆಗೆ ಸಂಬಂಧಿಸಿದ್ದು. ಲಸಿಕೆಯ ಗುಣಕ್ಕೆ ಸಂಬಂಧಿಸಿದ್ದಲ್ಲ.

ಪ್ರಯೋಗಾಲಯದ ಕಿಟಕಿ:
ಆಗಲೇ ನಡೆಯುತ್ತಿದ್ದ ಇನ್ನೊಂದು ಅಧ್ಯಯನಕ್ಕೂ 2010ರಲ್ಲಿ ತಡೆ ಬಿತ್ತು. ಹಾಗಾಗಿ ಸಾವಿರಾರು ಹುಡುಗಿಯರಿಗೆ ಒಂದೇ ಡೋಸ್ ಸಿಕ್ಕಿತು. ಅವರನ್ನು ಹತ್ತು ವರ್ಷ ಗಮನಿಸಿದಾಗ 16 ಮತ್ತು 18ರ ಉಳಿದುಕೊಳ್ಳುವ ಸೋಂಕಿನ ವಿರುದ್ಧ ಒಂದು ಡೋಸಿಗೆ ಶೇ 95ರಷ್ಟು ರಕ್ಷಣೆ ಕಂಡಿತು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಂದು ಡೋಸ್ ಕೂಡ ಸಾಕಾಗಬಹುದು ಎಂದದ್ದಕ್ಕೆ ನಮ್ಮ ದೇಶದ ಈ ಮಕ್ಕಳೂ ಕಾರಣ.

ತುಂಗಾತೀರ ಅವರೇ, ಮಗಳ ವಯಸ್ಸು ಸರಿಯಾಗಿದೆ. 9ರಿಂದ 14ರೊಳಗೆ, ಸೋಂಕು ತಗಲುವ ಮುಂಚೆ ಕೊಟ್ಟರೆ ಫಲ ಹೆಚ್ಚು. ಲಸಿಕೆಯಲ್ಲಿ ಜೀವಂತ ವೈರಸ್ ಇಲ್ಲ, ಅದರ ಹೊರಕವಚದ ಪ್ರೋಟೀನ್ ಮಾತ್ರ ಇದೆ. ಪುಣೆಯ ಸೀರಂ ಸಂಸ್ಥೆಯ ಸರ್ವಾವ್ಯಾಕ್ 6, 11, 16, 18 ಈ ನಾಲ್ಕು ವಿಧಗಳಿಗೆ ತಡೆ. ನಿಮಗೆ ಈಗಿರುವ ಸೋಂಕನ್ನು ಲಸಿಕೆ ಓಡಿಸುವುದಿಲ್ಲ. ಮಗಳು ಲಸಿಕೆ ಹಾಕಿಸಿಕೊಂಡರೂ 30 ದಾಟಿದ ಮೇಲೆ ತಪಾಸಣೆ ಬಿಡುವಂತಿಲ್ಲ, ಬೇರೆ ವಿಧಗಳೂ ಇವೆಯಲ್ಲ.

ತುಂಗಾತೀರ:
ಎಲ್ಲವನ್ನೂ ಎರಡೆರಡು ಸಲ ಓದಿದೆ. ನಿನ್ನೆ ರಾತ್ರಿ ಯಜಮಾನರಿಗೆ ಹೇಳಿದೆ, ವಾರ್ಡ್ ನಂಬರ್ ಆರು ಅಕ್ಕ ಹೇಳಿದ ಹಾಗೆಯೇ ಪೂರ್ತಿಯಾಗಿ. ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ "ಇದು ನನ್ನಿಂದ ಬಂತೇ?" ಎಂದು ಕೇಳಿದರು. ಅವರ ಮುಖ ನೋಡಲಾಗಲಿಲ್ಲ. ನಾನು ನನ್ನ ಬಗ್ಗೆ ಅವರು ಏನೆಂದುಕೊಳ್ಳುತ್ತಾರೋ ಎಂದು ಒದ್ದಾಡುತ್ತಿದ್ದೆ, ಅವರು ತಮ್ಮನ್ನೇ ದೂಷಿಸಿಕೊಳ್ಳುತ್ತಿದ್ದರು. ಈ ಪುಟವನ್ನು ಅವರಿಗೆ ಓದಲು ಕೊಟ್ಟೆ.

ಇನ್ನೊಂದು ಸಂಗತಿ. ಬೆಳಿಗ್ಗೆ ಅತ್ತೆಗೂ ವಿಷಯ ತಿಳಿಯಿತು. ಬೈಯುತ್ತಾರೆ ಎಂದುಕೊಂಡಿದ್ದೆ. ಒಲೆಯ ಮುಂದೆ ನಿಂತೇ, ಮುಟ್ಟು ನಿಂತು ಒಂಬತ್ತು ವರ್ಷವಾದರೂ ತಮಗೆ ಯುಗಾದಿಯಿಂದ ಈಚೆಗೆ ಮೂರು ಸಲ ರಕ್ತದ ಕಲೆ ಕಂಡಿದೆ ಎಂದರು. ಯಾರಿಗೂ ಹೇಳಿರಲಿಲ್ಲವಂತೆ. ಅವರಿಗೂ ಇದೇ ಎಚ್‌ಪಿವಿ ಪರೀಕ್ಷೆ ಮಾಡಿಸಬೇಕೇ?

ವಾರ್ಡ್ ನಂಬರ್ ಆರು:
ಪರೀಕ್ಷೆ ಯಾವುದೆಂದು ಯೋಚಿಸುತ್ತ ಕೂರಬೇಡಿ, ಈ ವಾರವೇ ಸ್ತ್ರೀರೋಗ ತಜ್ಞರ ಬಳಿ ಕರೆದುಕೊಂಡು ಹೋಗಿ. ತಪಾಸಣೆ ಎಂಬುದು ಲಕ್ಷಣ ಇಲ್ಲದವರಿಗೆ. ಮುಟ್ಟು ನಿಂತ ಮೇಲೆ ರಕ್ತ ಕಂಡರೆ, ಸಂಪರ್ಕದ ನಂತರ ರಕ್ತ ಬಂದರೆ, ವಾಸನೆಯ ಬಿಳಿಸೆರಗು ನಿಲ್ಲದಿದ್ದರೆ ಒಳಗೆ ನೋಡಲೇಬೇಕು, ಸ್ಕ್ಯಾನ್ ಬೇಕಾಗಬಹುದು, ಚೂರು ತೆಗೆದು ಪರೀಕ್ಷೆಗೆ ಕಳುಹಿಸಬೇಕಾಗಬಹುದು. ಗರ್ಭಕೋಶದ ಒಳಪದರವನ್ನೂ ನೋಡಬೇಕು.

ಬಿಸಿಲುನಾಡಿನ ಮಗ:
ಅಕ್ಕ, ನಾಳೆಯೇ ಹೋಗಿ. ಗುಳಿಗೆ ಕೊಟ್ಟು ಕಳುಹಿಸಿದರೆ ಎದ್ದು ಬರಬೇಡಿ, ಒಳಗೆ ನೋಡಿ ಎಂದು ಕೇಳಿ.

ಆಶಾ ಡೈರಿ:
ಹೋಗಿ ಬಂದ ಮೇಲೆ ಇಲ್ಲಿ ಒಂದು ಸಾಲು ಬರೆಯಿರಿ.

ತುಂಗಾತೀರ:
ಒಂದು ವಾರ ಕಳೆದು ಬರೆಯುತ್ತಿದ್ದೇನೆ. ಅತ್ತೆಗೆ ಗರ್ಭಕಂಠದಲ್ಲಿ ಪಾಲಿಪ್ ಎಂಬ ಸಣ್ಣ ಗಂಟು ಇತ್ತು, ತೆಗೆದಿದ್ದಾರೆ. ಬಯಾಪ್ಸಿ ವರದಿ ಬಂತು, ಕೆಟ್ಟದ್ದೇನೂ ಇಲ್ಲ. ಮಗಳಿಗೆ ಲಸಿಕೆಯ ಮೊದಲ ಡೋಸ್ ಆಯಿತು. ಅವಳಿಗೆ ಯಾವುದರ ಲಸಿಕೆ ಎಂದು ಬಿಡಿಸಿ ಹೇಳಿ, ಅವಳು ಸರಿ ಎಂದ ಮೇಲೆಯೇ ಹಾಕಿಸಿದೆ.

ತುಂಗಾತೀರ:
ಹದಿಮೂರು ತಿಂಗಳ ನಂತರ ಮತ್ತೆ ಬಂದಿದ್ದೇನೆ. ಹಲವರು ಖಾಸಗಿಯಾಗಿ ಕೇಳುತ್ತಿದ್ದಿರಿ. ಮರುಪರೀಕ್ಷೆಯಲ್ಲಿ ನನ್ನ ವೈರಸ್ ಹೋಗಿಲ್ಲ, ಅದೇ 12ರ ಬುಟ್ಟಿ. ಕಾಲ್ಪೋಸ್ಕೋಪಿ ಮಾಡಿದರು, ಒಂದು ಚೂರು ತೆಗೆದರು. ಸಿಐಎನ್ 1, ಅಂದರೆ ಜೀವಕೋಶಗಳಲ್ಲಿ ಸಣ್ಣ ಬದಲಾವಣೆ ಎಂದು ಬಂದಿದೆ. ಬಹುತೇಕ ತಾನಾಗಿ ಸರಿಹೋಗುವಂಥದ್ದು, ಈಗ ಚಿಕಿತ್ಸೆ ಬೇಡ, ಮತ್ತೆ ಒಂದು ವರ್ಷಕ್ಕೆ ಬನ್ನಿ ಎಂದಿದ್ದಾರೆ. ಈ ಸಲ ವೈದ್ಯರು ಕೂರಿಸಿ ಚಿತ್ರ ಬರೆದು ತೋರಿಸಿದರು. ಯಜಮಾನರೂ ಒಳಗೆ ಬಂದಿದ್ದರು. ಹೊರಗೆ ಬೆಂಚಿನ ಮೇಲೆ ಒಬ್ಬ ಹುಡುಗಿ ವರದಿಯ ಕಾಗದವನ್ನು ನಾಲ್ಕಾಗಿ ಮಡಚಿ ಹಿಡಿದು ಅಳುತ್ತಿದ್ದಳು. ಪಕ್ಕದಲ್ಲಿ ಕೂತು ಕೇಳಿದೆ. 16 ಪಾಸಿಟಿವ್ ಅಂತೆ. ಕಾಲ್ಪೋಸ್ಕೋಪಿಗೆ ಹೆಸರು ಬರೆಸದೆ ಹೊರಟಿದ್ದಳು. ನಾವಿಬ್ಬರೂ ಕೌಂಟರಿಗೆ ಹೋಗಿ ಬರೆಸಿಕೊಂಡು ಬಂದೆವು. ಗುರುವಾರ ಹತ್ತು ಗಂಟೆಗೆ ಅವಳ ಸರದಿ, ನಾನು ರಜೆ ಹಾಕಿದ್ದೇನೆ.

ಬೆಳ್ಳಿಚುಕ್ಕಿ:
ಗುರುವಾರ ನಾನೂ ಅದೇ ಊರಿನಲ್ಲಿರುತ್ತೇನೆ ಅಕ್ಕ. ಯಾವ ಆಸ್ಪತ್ರೆ ಎಂದು ಖಾಸಗಿಯಾಗಿ ತಿಳಿಸಿ, ಬರುತ್ತೇನೆ.